ನಮ್ಮ ದೊಡ್ಡಮ್ಮನ ಹಲ್ಲಿನ ಸೆಟ್ಟಿನ ವಿಷಯವಾಗಿ ಎರರ್ ಸ್ಟ್ಯಾಕ್ ಸುತ್ತುವ ಫಂಕ್ಷನ್ ಅವರಿಗೆ

ಸನ್ಮಾನ್ಯ ಎರರ್ ಸ್ಟ್ಯಾಕ್ ಸುತ್ತುವ ಫಂಕ್ಷನ್ ಅವರ ದಿವ್ಯ ಸನ್ನಿಧಾನಕ್ಕೆ,
ಫೈಲ್ ಓದುವ ಲೈಬ್ರರಿಯ ಒಳಮನೆ,
ನಮ್ಮ ಲ್ಯಾಬಿನ ಕಿಟಕಿ ಪಕ್ಕದ ಕಂಪ್ಯೂಟರ್.

ಮಾನ್ಯರೇ,

ಮೊದಲಿಗೆ ತಮಗೂ, ತಮ್ಮೊಂದಿಗೆ ಅದೇ ಲೈಬ್ರರಿಯಲ್ಲಿ ವಾಸವಾಗಿರುವ ಸಮಸ್ತ ಫಂಕ್ಷನ್ ಬಂಧುಗಳಿಗೂ ನನ್ನ ಗೌರವಪೂರ್ವಕ ನಮಸ್ಕಾರಗಳು. ತಾವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಂಬದೆ ಬೇರೆ ದಾರಿಯೂ ಇಲ್ಲ, ಏಕೆಂದರೆ ತಮ್ಮ ಮನೆಯಲ್ಲಿ ಯಾರಿಗಾದರೂ ಏನಾದರೂ ಆದರೆ ಅದನ್ನು ಹೊರಗಿನವರಿಗೆ ತಿಳಿಸಬೇಕಾದವರು ತಾವೊಬ್ಬರೇ, ಮತ್ತು ತಾವು ತಿಳಿಸುವ ರೀತಿ ಎಂಥದ್ದು ಎಂಬುದನ್ನು ಈ ವಾರ ನಾನು ಹೊಟ್ಟೆ ತುಂಬಾ ಅನುಭವಿಸಿದ್ದೇನೆ. ಪತ್ರವನ್ನು ಹೀಗೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಗುಟ್ಟಾಗಿ ಬರೆಯೋಣವೆಂದರೆ ತಮಗೆ ಅಂಚೆಪೆಟ್ಟಿಗೆಯಿಲ್ಲ, ಕಚೇರಿಯ ವೇಳೆಯಿಲ್ಲ, ತಮ್ಮ ಮೇಲಿನ ಅಧಿಕಾರಿ ಯಾರೆಂಬುದು ಯಾರಿಗೂ ತಿಳಿಯದು. ಯಾರಾದರೂ ಕರೆದರೆ ಮಾತ್ರ ಎಚ್ಚರವಾಗುತ್ತೀರಿ. ಎಚ್ಚರವಾದವರು ಕರೆದವರಿಗೇ ವಾಪಸ್ ಕರೆ ಮಾಡುತ್ತೀರಿ.

ನನ್ನ ಪರಿಚಯ ಹೇಳಿಕೊಳ್ಳಬೇಕು. ನಾನು ಹಲ್ಲಿನ ಸೆಟ್ ತಯಾರಿಸುವ ಲ್ಯಾಬೊಂದರ ಏಕಮಾತ್ರ ಪ್ರೋಗ್ರಾಮರ್. ನನ್ನ ಎಡಗಡೆಗೆ ಪ್ಲಾಸ್ಟರ್ ಕಲಸುವ ಕೋಣೆ, ಬಲಗಡೆಗೆ ಹಲ್ಲಿಗೆ ಹೊಳಪು ಕೊಡುವ ಚಕ್ರ, ಎದುರಿಗೆ ಗಾಜಿನ ಕಪಾಟಿನಲ್ಲಿ ಸಾಲಾಗಿ ಕೂತು ಬೆಳಗಿನಿಂದ ಸಂಜೆಯವರೆಗೂ ನನ್ನನ್ನೇ ನೋಡಿ ಹಲ್ಲು ಕಿರಿಯುವ ಮಾದರಿ ದವಡೆಗಳು. ಸಂಜೆ ಮನೆಗೆ ಹೋದರೆ ನನ್ನ ತಲೆಯ ಮೇಲಿನ ಬಿಳಿ ಪುಡಿ ನೋಡಿ ನಮ್ಮಮ್ಮ, "ಕಂಪ್ಯೂಟರ್ ಕೆಲಸ ಅಂತೀಯ, ಹಿಟ್ಟಿನ ಗಿರಣಿಯಿಂದ ಬಂದ ಹಾಗೆ ಬರ್ತೀಯ" ಎನ್ನುತ್ತಾಳೆ. ಕೆಲಸವೇನೋ ಸರಳ. ಹಲ್ಲಿನ ಡಾಕ್ಟರು ಬಾಯೊಳಗೆ ಪುಟ್ಟ ಕ್ಯಾಮೆರಾ ಆಡಿಸಿ ದವಡೆಯ ಅಳತೆಯನ್ನು ಫೈಲ್ ಮಾಡಿ ಕಳಿಸುತ್ತಾರೆ. ನನ್ನ ಪ್ರೋಗ್ರಾಮು ತಮ್ಮ ಲೈಬ್ರರಿಯ ಸಹಾಯದಿಂದ ಆ ಫೈಲ್ ತೆರೆದು ಯಂತ್ರಕ್ಕೆ ಹೇಳುತ್ತದೆ. ಯಂತ್ರ ಹಲ್ಲು ಕೊರೆಯುತ್ತದೆ. ಎಲ್ಲ ಸರಿಯಿದ್ದಾಗ ನಾನು ಟೀ ಕುಡಿಯುತ್ತೇನೆ.

ಇದು ಊರೆಲ್ಲ ಓದುವ ಪತ್ರವಾದ್ದರಿಂದ, ತಮ್ಮ ಉದ್ಯೋಗವೇನೆಂದು ತಿಳಿಯದ ಜನರಿಗಾಗಿ ಎರಡು ಮಾತು ಹೇಳಲು ಅಪ್ಪಣೆ ಬೇಡುತ್ತೇನೆ. ಇಲ್ಲಿ ಫಂಕ್ಷನ್ ಎಂದರೆ ಸಮಾರಂಭವಲ್ಲ, ಒಂದೊಂದು ಕೆಲಸ ಮಾಡುವ ಪ್ರೋಗ್ರಾಮಿನ ತುಂಡು; ಲೈಬ್ರರಿ ಎಂದರೆ ಪುಸ್ತಕಗಳ ಜಾಗವಲ್ಲ. ಯಾರೋ ಪುಣ್ಯಾತ್ಮರು ಬರೆದಿಟ್ಟ, ನಮ್ಮಂಥವರು ಬಳಸಿಕೊಳ್ಳುವ ಫಂಕ್ಷನ್‌ಗಳ ಒಂದು ದೊಡ್ಡ ಕೂಡುಕುಟುಂಬ. ಫೈಲ್ ತೆರೆದುಕೊಡಿ ಎಂದು ನಾವು ಬಾಗಿಲಲ್ಲಿ ಕೂತ ಹಿರಿಯರನ್ನು ಕೇಳುತ್ತೇವೆ. ಅವರು ಕೂತಲ್ಲಿಂದ ಏಳುವವರಲ್ಲ. ಒಳಗಿನವರಿಗೆ ಹೇಳುತ್ತಾರೆ, ಒಳಗಿನವರು ಇನ್ನೂ ಒಳಗಿನವರಿಗೆ ಹೇಳುತ್ತಾರೆ, ಹೀಗೆ ಇಳಿಯುತ್ತಾ ಹೋಗಿ ಕೊನೆಗೆ ಯಾರೋ ಪಾಪದವರೊಬ್ಬರು ನಿಜವಾಗಿ ಕೈ ಹಾಕಿ ಕೆಲಸ ಮಾಡುತ್ತಾರೆ. ಆ ಪಾಪದವರಿಂದ ಆಗದಿದ್ದರೆ ಅವರು ಕಾರಣವನ್ನು ಒಂದು ಚೀಟಿಯಲ್ಲಿ ಬರೆದಿಡುತ್ತಾರೆ. ಅವರ ಮೇಲಿನವರು "ಕೆಳಗಿನವರಿಂದ ಆಗಲಿಲ್ಲ, ಆದ್ದರಿಂದ ನನ್ನಿಂದಲೂ ಆಗಲಿಲ್ಲ" ಎಂದು ಇನ್ನೊಂದು ಚೀಟಿ ಬರೆದು ಅದರ ಮೇಲಿಡುತ್ತಾರೆ, ಅವರ ಮೇಲಿನವರು ಮತ್ತೊಂದು, ಹೀಗೆ ಬಾಗಿಲವರೆಗೂ. ಈ ಚೀಟಿಗಳ ಅಟ್ಟಿಯೇ ಎರರ್ ಸ್ಟ್ಯಾಕ್. ಅದರ ಮೇಲೆ ಸಂಚಾರ ಮಾಡುವ ಅಧಿಕಾರಿ ತಾವು. ನಾವು ನಮ್ಮದೊಂದು ಸಣ್ಣ ಫಂಕ್ಷನ್ನನ್ನು ತಮ್ಮ ಕೈಗೆ ಒಪ್ಪಿಸಿ, "ಸ್ವಾಮೀ, ಒಂದೊಂದು ಚೀಟಿಯ ಮುಂದೆ ನಿಂತಾಗಲೂ ಇದನ್ನು ಕರೆದು, ಚೀಟಿಯಲ್ಲಿ ಏನಿದೆ ಅಂತ ಇದರ ಕಿವಿಯಲ್ಲಿ ಹೇಳಿ" ಎನ್ನುತ್ತೇವೆ. ಇದಕ್ಕೆ ಕಾಲ್‌ಬ್ಯಾಕ್ ಎಂದು ಹೆಸರು. ಮೇಲಿನಿಂದ ಇಳಿಯಿರಿ ಎಂದರೆ ಇಳಿಯುತ್ತೀರಿ, ಕೆಳಗಿನಿಂದ ಹತ್ತಿ ಎಂದರೆ ಹತ್ತುತ್ತೀರಿ. ಇಷ್ಟು ವಿಧೇಯರು ನಮ್ಮ ಬಿಲ್ಡಿಂಗಿನಲ್ಲಿ ಯಾರೂ ಇಲ್ಲ.

ಇನ್ನು ನನ್ನ ಅಹವಾಲು. ನಮ್ಮ ಮೂರನೇ ಮಹಡಿಯ ಮನೆಯಲ್ಲಿ ನಾನು, ಅಮ್ಮ, ಅಮ್ಮನ ಅಕ್ಕನಾದ ನಮ್ಮ ದೊಡ್ಡಮ್ಮ ಇದ್ದೇವೆ. ದೊಡ್ಡಮ್ಮ ಟೈಪಿಂಗ್ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಜೀವಮಾನವಿಡೀ ಮದುವೆಯ ಮಾತೆತ್ತಿದವರ ಬಾಯಿ ಮುಚ್ಚಿಸುತ್ತಾ ಬಂದವರು, ಈ ವಯಸ್ಸಿನಲ್ಲಿ, ನಾಲ್ಕನೇ ಮಹಡಿಯ ಲಿಫ್ಟ್ ಮಾಮ ಕೇಳಿದಾಗ ಒಂದೇ ಏಟಿಗೆ ಒಪ್ಪಿಬಿಟ್ಟರು. ಲಿಫ್ಟ್ ಮಾಮ ಎಂದರೆ ಲಿಫ್ಟ್ ರಿಪೇರಿ ಮಾಡಿ ಮಾಡಿ ನಿವೃತ್ತರಾದವರು. ಹೆಂಡತಿ ಹೋಗಿ ಬಹಳ ಕಾಲವಾಗಿದೆ. ನಮ್ಮ ಕಟ್ಟಡದ ಲಿಫ್ಟು ಕೆಟ್ಟಾಗಲೆಲ್ಲ ಸ್ಕ್ರೂಡ್ರೈವರ್ ಹಿಡಿದು ತಾವಾಗಿ ಇಳಿದು ಬರುವವರು. ಅದು ಕೆಡುವುದು ಜಾಸ್ತಿಯಾದದ್ದೂ, ಕೆಟ್ಟಾಗಲೆಲ್ಲ ನಿಲ್ಲುವುದು ನಮ್ಮ ಮಹಡಿಯಲ್ಲೇ ಆದದ್ದೂ ಹೇಗೆಂದು ನಾವು ಕೇಳಲು ಹೋಗಿಲ್ಲ. ಮದುವೆ ನೋಂದಣಿ ಕಚೇರಿಗೆ ಅರ್ಜಿ ಹೋಗಿ, ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ ಬನ್ನಿ ಎಂದು ಉತ್ತರವೂ ಬಂದಿತ್ತು.

ಹೀಗಿರುವಾಗ ಹಿಂದಿನ ಭಾನುವಾರ ಸಂಜೆ ಲಿಫ್ಟ್ ಮಾಮ ತಮ್ಮ ಬಾಲ್ಕನಿಯಿಂದ ಬಗ್ಗಿ, ದೊಡ್ಡಮ್ಮ ನಮ್ಮ ಬಾಲ್ಕನಿಯಿಂದ ಕತ್ತೆತ್ತಿ, ಎಂದಿನಂತೆ ಹರಟೆಗೆ ನಿಂತಿದ್ದರು. ಕಂಪನಿಯೊಂದರ ಮ್ಯಾನೇಜರು ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡು "ನಾನ್ಯಾರು ಗೊತ್ತೇನಯ್ಯಾ" ಎಂದು ಒಳಗಿನಿಂದ ಕಿರುಚಿದಾಗ, ಹೊರಗಿದ್ದ ಮಾಮ, "ನೀವ್ಯಾರು ಅಂತ ಆಮೇಲೆ ನೋಡ್ಕೊಳ್ಳೋಣ ಸಾರ್, ಎಷ್ಟನೇ ಫ್ಲೋರಲ್ಲಿದ್ದೀರಿ ಅದನ್ನ ಹೇಳಿ" ಎಂದ ಕಥೆಯನ್ನು ಮಾಮ ಹೇಳುತ್ತಿದ್ದರು. ದೊಡ್ಡಮ್ಮ ಬಾಯಿ ತುಂಬ ನಕ್ಕರು. ಹಳೇ ಸೆಟ್ಟು ಮೊದಲೇ ಸಡಿಲ. ಅದು ಬಾಯಿಂದ ಹಾರಿ, ಬಾಲ್ಕನಿಯ ಕಂಬಿ ದಾಟಿ, ಕೆಳಗೆ ರಸ್ತೆಗೆ ಬಿತ್ತು. ಅದೇ ಹೊತ್ತಿಗೆ ಸರಿಯಾಗಿ ಕಸದ ಗಾಡಿ ಬಂತು. ದೊಡ್ಡಮ್ಮ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿ ಬಾಗಿಲು ಹಾಕಿಕೊಂಡರು. ಸಂಜೆಗತ್ತಲಲ್ಲಿ ಮೇಲಿನಿಂದ ಬಗ್ಗಿ ನೋಡುತ್ತಿದ್ದ ಮಾಮನಿಗೆ ಕಂಡದ್ದು ಇಷ್ಟೇ: ಜೋಕು ಹೇಳಿದೆ, ಹೆಂಗಸು ಬಾಯಿ ಮುಚ್ಚಿಕೊಂಡು ಓಡಿಹೋದಳು.

ದೊಡ್ಡಮ್ಮ ಅಮ್ಮನಿಂದಲೂ ನನ್ನಿಂದಲೂ ಭಾಷೆ ತೆಗೆದುಕೊಂಡರು. "ಹಲ್ಲಿನ ವಿಷಯ ಆ ಮನುಷ್ಯನ ಕಿವಿಗೆ ಬಿದ್ರೆ ನೋಡಿ, ನಾನು ಈ ಮನೇಲೂ ಇರಲ್ಲ, ಆ ಮನೆಗೂ ಹೋಗಲ್ಲ. ಅಧಿಕಾರಿ ಮುಂದೆ ಬೊಚ್ಚುಬಾಯಿ ಬಿಟ್ಕೊಂಡು ಒಪ್ಪಿಗೆ ಅಂತ ಹೇಳಕ್ಕಾಗತ್ತಾ? ಸೆಟ್ಟು ಬಂದ್ರೆ ಮದುವೆ, ಇಲ್ದಿದ್ರೆ ಇಲ್ಲ." ಅವರು ಇದನ್ನು ಹೇಳಿದ್ದು ಹಲ್ಲಿಲ್ಲದ ಬಾಯಲ್ಲಿ, ಸೆರಗು ಅಡ್ಡ ಹಿಡಿದು, ಅರ್ಥ ಮಾಡಿಕೊಳ್ಳಲು ನಮಗೆ ಮೂರು ಸಲ ಬೇಕಾಯಿತು. ಮರುದಿನವೇ ಡಾಕ್ಟರ ಹತ್ತಿರ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬಂದರು. ಬುಧವಾರ ಫೈಲು ನಮ್ಮ ಲ್ಯಾಬಿಗೆ ಬಂತು. ತಮ್ಮ ಲೈಬ್ರರಿ ಅದನ್ನು ತೆರೆಯಲಿಲ್ಲ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಚೀಟಿಗಳ ಅಟ್ಟಿಯನ್ನು ಹಾಗೇ ಪರದೆಯ ಮೇಲೆ ಸುರಿಯುವ ಏರ್ಪಾಡು ತಮ್ಮ ಲೈಬ್ರರಿಯಲ್ಲೇ ಇದೆ. ಆದರೆ ನಮ್ಮ ಲ್ಯಾಬಿನ ಯಜಮಾನರು ಒಮ್ಮೆ ಆ ಕೆಂಪಕ್ಷರಗಳ ಧಾರೆಯನ್ನು ಕಂಡು ಕಂಪ್ಯೂಟರಿಗೆ ಬೆಂಕಿ ಬಿದ್ದಿದೆಯೆಂದೇ ತಿಳಿದು ವೈರು ಕಿತ್ತು, ಪಕ್ಕದ ಕೋಣೆಯಿಂದ ಪ್ಲಾಸ್ಟರ್ ಕಲಸುವ ನೀರಿನ ಬಕೆಟ್ಟನ್ನೂ ತಂದಿದ್ದರು. ಅಂದಿನಿಂದ ಆ ಸುರಿಯುವಿಕೆಗೆ ನಮ್ಮಲ್ಲಿ ನಿಷೇಧವಿದೆ. ಆದ್ದರಿಂದಲೇ ನಾನು ಮರ್ಯಾದಸ್ಥರ ದಾರಿ ಹಿಡಿದು, ತಮ್ಮ ಸೇವೆಯನ್ನು ಬಯಸಿ, ಒಂದು ಕಾಲ್‌ಬ್ಯಾಕ್ ಬರೆದು ತಮಗೆ ಒಪ್ಪಿಸಿದೆ.

ಮೊದಲ ಸಲ ತಾವು ಅಟ್ಟಿಯ ತುದಿಯಲ್ಲಿ ನಿಂತು ನನ್ನನ್ನು ಕರೆದು, "ಫೈಲ್ ತೆರೆಯಲಾಗಲಿಲ್ಲ" ಎಂದು ಕಿವಿಯಲ್ಲಿ ಉಸುರಿದಿರಿ. ಅದು ನನಗೆ ಗೊತ್ತಿತ್ತು ಮಾನ್ಯರೇ. ಅದು ಗೊತ್ತಿದ್ದೇ ತಮ್ಮನ್ನು ಕರೆದದ್ದು. ಆದರೂ ಹಿರಿಯರ ಮಾತಿಗೆ ಹೂಂಗುಟ್ಟಬೇಕಲ್ಲ, ನನ್ನ ಕಾಲ್‌ಬ್ಯಾಕು "ಹೌದು, ತಲುಪಿತು" ಎನ್ನುವ ಭಾವದಲ್ಲಿ ಒಂದು ಎಂಬ ಅಂಕೆಯನ್ನು ಹಿಂದಿರುಗಿಸಿತು. ತಾವು ಅಲ್ಲಿಗೇ ನಡಿಗೆ ನಿಲ್ಲಿಸಿ ಮನೆಗೆ ಹೊರಟುಬಿಟ್ಟಿರಿ! ತಮ್ಮ ವಂಶದಲ್ಲಿ ಸೊನ್ನೆ ಎಂದರೆ "ಎಲ್ಲ ಚೆನ್ನಾಗಿದೆ, ಮುಂದೆ ನಡೆಯಿರಿ" ಎಂದೂ, ಸೊನ್ನೆಯಲ್ಲದ್ದು ಏನೇ ಆದರೂ "ಸಾಕು, ನಿಲ್ಲಿ" ಎಂದೂ ಅರ್ಥವಂತೆ. ನಮ್ಮ ಕಡೆ ಸೊನ್ನೆ ಬಂದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಾರೆ. ಒಂದು ಸಲ ಹೂಂ ಎಂದದ್ದಕ್ಕೆ ಇಷ್ಟು ಮುನಿಸಿಕೊಂಡು ಎದ್ದುಹೋಗುವ ಅತಿಥಿಯನ್ನು ನಾನು ಮದುವೆ ಮನೆಗಳಲ್ಲೂ ಕಂಡಿಲ್ಲ.

ಬುಧವಾರ ಸಂಜೆ ನಾನು ಬರಿಗೈಯಲ್ಲಿ ಮನೆಗೆ ಹೋದಾಗ ಲಿಫ್ಟ್ ಮಾಮ ನಮ್ಮ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬನ್ನಿ ಎನ್ನುವ ಹಾಗಿಲ್ಲ, ಹೋಗಿ ಎನ್ನುವ ಹಾಗೂ ಇಲ್ಲ. ಅಮ್ಮ ಬಾಗಿಲನ್ನು ಅರ್ಧ ತೆರೆದು ಅಡ್ಡ ನಿಂತಿದ್ದಳು. "ಅವರಿಗೆ ಸ್ವಲ್ಪ ತೊಂದರೆ" ಎಂದಳು. "ಏನ್ ತೊಂದರೆ?" ಎಂದರು ಮಾಮ. "ಅದೇ, ತೊಂದರೆ ಆಗಿರೋದ್ರಿಂದ ತೊಂದರೆ" ಎಂದಳು ಅಮ್ಮ. ತಮ್ಮ ಲೈಬ್ರರಿಯಲ್ಲಿ ಚೀಟಿ ಬರೆಯುವ ಕೆಲಸ ಖಾಲಿಯಿದ್ದರೆ ನಮ್ಮಮ್ಮನ ಅರ್ಜಿಯನ್ನು ದಯವಿಟ್ಟು ಪರಿಗಣಿಸಿ. ಮಾಮ ಪೆಚ್ಚುಮೋರೆ ಹಾಕಿಕೊಂಡು ಮೆಟ್ಟಿಲು ಹತ್ತಿದರು. ಕೆಟ್ಟಿರದ ಲಿಫ್ಟನ್ನು ಬಿಟ್ಟು ಅವರು ನಡೆದು ಹೋದದ್ದನ್ನು ನಾನು ಮೊದಲ ಸಲ ನೋಡಿದೆ.

ಗುರುವಾರ ತಮ್ಮ ಮಹಿಮೆಯ ದಿನ. ಸೊನ್ನೆಯ ಪಾಠ ಕಲಿತಿದ್ದ ನಾನು ಕಾಲ್‌ಬ್ಯಾಕನ್ನು ತಿದ್ದಿ ಬರೆದೆ. ಆದರೆ ಒಳಗಿನ ಚೀಟಿಗಳಲ್ಲಿರುವುದು ತಮ್ಮ ಮನೆಯ ಸಂಕೇತಭಾಷೆ. ಅದನ್ನು ಮನುಷ್ಯರ ಭಾಷೆಗೆ ತರಲು ಅದೇ ಲೈಬ್ರರಿಯ ಇನ್ನೊಬ್ಬರು ಫಂಕ್ಷನ್ ಇದ್ದಾರೆಂದು ಕೇಳಿ, ನನ್ನ ಕಾಲ್‌ಬ್ಯಾಕಿನ ಒಳಗಿಂದಲೇ ಅವರನ್ನು ಕರೆದೆ. ತಮ್ಮವರೇ ತಾನೇ, ಒಂದೇ ಮನೆಯವರು, ಏನಾಗುತ್ತದೆ ಎಂದುಕೊಂಡೆ. ಆದದ್ದು ಇದು: ತಮ್ಮ ಲೈಬ್ರರಿಯ ಯಾವ ಫಂಕ್ಷನ್ನೇ ಆಗಲಿ, ಹೊರಗಿನವರು ಕರೆದ ಕೂಡಲೇ ಮಾಡುವ ಮೊದಲ ಕೆಲಸ ಕಸ ಗುಡಿಸುವುದು. ಹಳೆಯ ಚೀಟಿಗಳೆಲ್ಲ ಕಸ. ತಾವು ಮೊದಲ ಚೀಟಿಯ ಮೇಲೆ ಒಂದು ಕಾಲಿಟ್ಟು ನಿಂತು ನನ್ನನ್ನು ಕರೆಯುತ್ತಿದ್ದೀರಿ. ಅಷ್ಟರಲ್ಲಿ ನಾನು ಕರೆದ ಮಹಾತಾಯಿ ಬಂದು ಇಡೀ ಅಟ್ಟಿಯನ್ನು ತಮ್ಮ ಕಾಲಡಿಯಿಂದಲೇ ಗುಡಿಸಿ ಎಸೆದುಬಿಟ್ಟರು. ಬೇರೆ ಯಾರೇ ಆಗಿದ್ದರೂ ದಬಕ್ಕನೆ ಬಿದ್ದು ಅಯ್ಯೋ ಎನ್ನುತ್ತಿದ್ದರು. ತಾವು ಹಾಗಲ್ಲ. ಎರಡನೇ ಕಾಲನ್ನು ಗಾಳಿಯಲ್ಲಿಟ್ಟು, ಸುತ್ತ ನೋಡಿ, ಒಂದು ಚೀಟಿಯೂ ಕಾಣದ್ದರಿಂದ ಹಸನ್ಮುಖರಾಗಿ, ಕೆಲಸ ಯಶಸ್ವಿಯಾಗಿ ಮುಗಿಯಿತು, ಉಳಿದ ದೋಷ ಯಾವುದೂ ಇಲ್ಲ ಎಂದು ವರದಿ ಒಪ್ಪಿಸಿದಿರಿ.

ಅದನ್ನು ಓದಿದ್ದು ನಾನಲ್ಲ, ನನ್ನ ಬೆನ್ನ ಹಿಂದೆ ನಿಂತಿದ್ದ ಯಜಮಾನರು. "ದೋಷ ಯಾವುದೂ ಇಲ್ಲ! ನೋಡಿದ್ಯಾ, ತಾನಾಗೇ ಸರಿ ಹೋಯ್ತು" ಎಂದು ಹಿಗ್ಗಿ ಹೀರೇಕಾಯಿಯಾಗಿ, ನಾನು ಕುರ್ಚಿಯಿಂದ ಏಳುವಷ್ಟರಲ್ಲಿ ನಮ್ಮ ಮನೆಗೆ ಫೋನ್ ಮಾಡಿ, ಸೆಟ್ಟು ಸಿದ್ಧ, ಸಂಜೆ ನಿಮ್ಮ ಹುಡುಗಿಯ ಕೈಯಲ್ಲೇ ಬರುತ್ತದೆ ಎಂದು ದೊಡ್ಡಮ್ಮನಿಗೆ ಹೇಳಿಬಿಟ್ಟರು. ದೊಡ್ಡಮ್ಮ ಸಂಭ್ರಮದಲ್ಲಿ ಅಮ್ಮನನ್ನು ನಾಲ್ಕನೇ ಮಹಡಿಗೆ ಓಡಿಸಿ, "ನಾಳೆ ಹನ್ನೊಂದಕ್ಕೆ ಪಕ್ಕಾ" ಎಂದು ಹೇಳಿಸಿದರು. ಮಾಮ ಅಂಗಿಗೆ ಇಸ್ತ್ರಿ ಹಾಕಲು ಕೂತರಂತೆ. ಸಂಜೆ ನಾನು ಹೋಗಿ ತಲೆ ತಗ್ಗಿಸಿ ನಿಂತಾಗ, ಅಮ್ಮ ಮತ್ತೆ ಮೆಟ್ಟಿಲು ಹತ್ತಿ, "ನಾಳೇದು ಸ್ವಲ್ಪ ಅನುಮಾನ" ಎಂದು ಹೇಳಿ ಬರಬೇಕಾಯಿತು. ಮಾಮ ಇಸ್ತ್ರಿ ಪೆಟ್ಟಿಗೆಯ ವೈರು ಕಿತ್ತು ಅಂಗಿಯನ್ನು ಮಡಚಿಟ್ಟರು ಎಂದಳು ಅಮ್ಮ. ದೊಡ್ಡಮ್ಮ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಮಾನ್ಯರೇ, ನನಗೆ ಆ ಹೊತ್ತಿನಲ್ಲಿ ತಮ್ಮ ಮೇಲೆ ಬಂದ ಕೋಪವನ್ನು ಸಭ್ಯ ಭಾಷೆಯಲ್ಲಿ ಬರೆಯುವಷ್ಟು ಓದು ನನಗಿಲ್ಲ.

ಆದರೂ ಕೊಂಡಾಡಬೇಕಾದ್ದನ್ನು ಕೊಂಡಾಡಲೇಬೇಕು. ಸುಟ್ಟ ಮನೆಯ ಬೂದಿಯನ್ನು ಗುಡಿಸಿ "ಬೆಂಕಿಯ ಸುಳಿವೇ ಇಲ್ಲ" ಎನ್ನುವ ತಮ್ಮ ಸ್ಥಿತಪ್ರಜ್ಞೆ ನನಗೂ ಒಂದಿಷ್ಟು ಬರಲಿ. ತಮ್ಮಂಥವರು ಹಲ್ಲಿನ ಲೈಬ್ರರಿಯಲ್ಲಿ ಕೊಳೆಯಬಾರದು. ದಯಮಾಡಿ ನಮ್ಮ ಬಿಲ್ಡಿಂಗಿನ ನೀರಿನ ಸಮಿತಿಗೆ ಅಧ್ಯಕ್ಷರಾಗಿ ಬನ್ನಿ. ಟ್ಯಾಂಕು ಯಾಕೆ ಸೋರುತ್ತಿದೆ ಎಂದು ಕೇಳಿದವರಿಗೆ ಟ್ಯಾಂಕನ್ನೇ ಕಿತ್ತೆಸೆದು ಸೋರಿಕೆ ನಿಂತಿದೆ ಎಂದು ಹೇಳುವಿರಂತೆ. ಬಿಡುವಾದಾಗ ನಮ್ಮ ಮನೆಗೂ ಬಂದು, ಸಕ್ಕರೆ ಡಬ್ಬಿ ಯಾಕೆ ಖಾಲಿ ಎಂಬ ವಿಷಯದಲ್ಲಿ ಅಮ್ಮನಿಂದ ಶುರುಮಾಡಿ ಒಬ್ಬೊಬ್ಬರನ್ನೇ ವಿಚಾರಿಸಿಕೊಂಡು ಹೋಗಿ. ಆದರೆ ನಡಿಗೆಯಲ್ಲಿ ನನ್ನ ಸರದಿ ಬರುವ ಮೊದಲೇ ಯಾರಾದರೂ ಒಂದು ಎಂದು ಹೇಳುವ ವ್ಯವಸ್ಥೆ ಮಾಡಿಸಿಕೊಡಿ. ಹಾಗೆಯೇ ಇನ್ನು ಮುಂದೆ ನನ್ನನ್ನು ಕರೆಯುವಾಗ ಮೊದಲು ಕೆಮ್ಮಿ, ಹೇಗಿದ್ದೀಯಮ್ಮ, ತಿಂಡಿ ಆಯಿತಾ ಎಂದು ಕೇಳಿ, ನೀರು ಕುಡಿದು ಕೂತುಕೋ ಎಂದು ಹೇಳಿ, ಆಮೇಲೆ ಕೆಟ್ಟ ಸುದ್ದಿ ಹೇಳುವ ಸಂಪ್ರದಾಯ ಇಟ್ಟುಕೊಂಡರೆ ತಮ್ಮ ಗಂಟೇನೂ ಹೋಗುವುದಿಲ್ಲ.

ಶುಕ್ರವಾರ ಬೆಳಗ್ಗೆ ಪ್ಲಾಸ್ಟರ್ ಕೋಣೆಯ ಬೀಗ ತೆಗೆಯುವ ಮೊದಲೇ ನಾನು ಲ್ಯಾಬಿನಲ್ಲಿದ್ದೆ. ಈ ಸಲ ಕಾಲ್‌ಬ್ಯಾಕಿನ ಬಾಯಿಗೆ ಬೀಗ ಹಾಕಿದೆ. ತಮ್ಮ ಮನೆಯ ಯಾರನ್ನೂ ಕರೆಯಕೂಡದು, ಏನನ್ನೂ ಮುಟ್ಟಕೂಡದು, ತಾವು ಹೇಳಿದ್ದನ್ನು ಹಾಗೇ ನನ್ನ ಕಡೆ ಬರೆದಿಟ್ಟುಕೊಂಡು ಸೊನ್ನೆ ಎನ್ನಬೇಕು, ಅಷ್ಟೇ. ತಮಗೂ ವಿನಂತಿಸಿಕೊಂಡೆ: ಬಾಗಿಲಲ್ಲಿ ಕೂತ ಹಿರಿಯರ ದರ್ಶನ ನನಗೆ ಸಾಕಾಗಿದೆ, ದಯವಿಟ್ಟು ಎಲ್ಲಕ್ಕಿಂತ ಕೆಳಗಿನ ಆ ಪಾಪದವರಿಂದ ಶುರುಮಾಡಿ. ತಾವು ತಳದಲ್ಲಿ ನಿಂತು ಕರೆದಿರಿ. ನಡಿಗೆ ಮುಗಿದ ಮೇಲೆ ಮನುಷ್ಯರ ಭಾಷೆಗೆ ತಂದಾಗ ಆ ಚೀಟಿಯಲ್ಲಿ ಹೀಗಿತ್ತು: ಕೆಳದವಡೆ ಎಂಬ ಹೆಸರಿನಲ್ಲಿ ಎರಡು ಬಂದಿವೆ.

ಡಾಕ್ಟರ ಸಹಾಯಕಿಗೆ ಫೋನ್ ಮಾಡಿದೆ. "ನಿಮ್ ದೊಡ್ಡಮ್ಮ ಸ್ಕ್ಯಾನ್ ಮಾಡೋವಾಗ ಒಂದ್ ಕ್ಷಣ ಮಾತು ನಿಲ್ಲಿಸ್ಲಿಲ್ಲ ಮೇಡಂ. ಯಾರೋ ಲಿಫ್ಟ್ ರಿಪೇರಿಯೋರ ಕಥೆ. ಮೊದಲ್ನೇದೆಲ್ಲ ಅಲುಗಾಡಿ ಹೋಯ್ತು, ಅದಕ್ಕೆ ಇನ್ನೊಂದ್ ಸಲ ತಗೊಂಡ್ವಿ" ಎಂದರು ಆಕೆ. ಎರಡನ್ನೂ ಒಂದೇ ಹೆಸರಿನಲ್ಲಿ ಅದೇ ಫೈಲಿಗೆ ತುರುಕಿದ್ದರು. ಒಂದೇ ಬಾಯಿಗೆ ಎರಡು ಕೆಳದವಡೆ! ಅಮ್ಮನಿಗೆ ತಿಳಿಸಿದಾಗ ಅವಳು ಎಳ್ಳಷ್ಟೂ ಆಶ್ಚರ್ಯಪಡಲಿಲ್ಲ. "ನನಗೆ ಹುಟ್ಟಿದಾಗಿಂದ ಗೊತ್ತು. ಇದನ್ನ ಕಂಡುಹಿಡಿಯೋಕೆ ಕಂಪ್ಯೂಟರ್ ಬೇಕಿತ್ತಾ?" ಎಂದಳು. ನಾನು ಮಾತಾಡುವ ದವಡೆಯನ್ನು ಅಳಿಸಿ, ಸುಮ್ಮನಿದ್ದ ದವಡೆಯನ್ನು ಉಳಿಸಿಕೊಂಡೆ. ಫೈಲು ತೆರೆಯಿತು. ಯಂತ್ರ ಗುರ್ರ್ ಎಂದು ಕೊರೆಯಲು ಶುರುಮಾಡಿತು. ಆದರೆ ಅದು ಯಂತ್ರ, ಅದಕ್ಕೆ ಮುಹೂರ್ತದ ಅರಿವಿಲ್ಲ. ಹನ್ನೊಂದಕ್ಕೆ ಮೊದಲು ಮುಗಿಯುವ ಲಕ್ಷಣ ಕಾಣಲಿಲ್ಲ.

ಆಗ ಬಾಗಿಲಲ್ಲಿ ಲಿಫ್ಟ್ ಮಾಮ ಕಂಡರು. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಪ್ಲಾಸ್ಟರ್ ಪುಡಿ ತಾಗದ ಹಾಗೆ ಗೋಡೆಯಿಂದ ದೂರ ನಿಂತು, "ನಿಜ ಹೇಳಮ್ಮ. ಅವರ ಮನಸ್ಸು ಬದಲಾಗಿದೆ ಅಲ್ವಾ? ನಿಮ್ಮಮ್ಮನ್ನ ಕೇಳಿದ್ರೆ ತೊಂದರೆ ಅಂತಾರೆ, ಪಕ್ಕಾ ಅಂತಾರೆ, ಅನುಮಾನ ಅಂತಾರೆ. ಬೇಡ ಅಂದ್ರೆ ಬೇಡ ಅಂದ್ಬಿಡ್ಲಿ, ನಾನೇನ್ ಹುಡುಗನಾ ಅತ್ತು ಕೂರಕ್ಕೆ" ಎಂದರು. ಅವರ ಕಣ್ಣು ಮಾತ್ರ ಆಗಲೇ ಕೆಂಪಾಗಿತ್ತು. ದೊಡ್ಡಮ್ಮನಿಗೆ ಕೊಟ್ಟ ಭಾಷೆ ನೆನಪಾಯಿತು. ಬಾಯಿ ತೆರೆದರೆ ದೊಡ್ಡಮ್ಮ ಎರಡೂ ಮನೆ ಬಿಟ್ಟು ಹೋಗುತ್ತಾರೆ. ತೆರೆಯದಿದ್ದರೆ ಈ ಮನುಷ್ಯ ಇಲ್ಲಿಂದಲೇ ವಾಪಸ್ ಹೋಗುತ್ತಾರೆ. ಮೂರು ದಿನದಿಂದ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತುಗಳನ್ನು ತಮ್ಮಿಂದ ಕೇಳಿ ಕೇಳಿ ನನಗೆ ರೋಸಿಹೋಗಿತ್ತು ಮಾನ್ಯರೇ. ನಾನು ತಳದ ಚೀಟಿಯನ್ನೇ ಓದಿಬಿಟ್ಟೆ: ನಗುವಾಗ ಹಲ್ಲು ಹಾರಿ ಕೆಳಗೆ ಬಿತ್ತು, ಕಸದ ಗಾಡಿ ಅದರ ಮೇಲೆ ಹೋಯಿತು, ಹಲ್ಲಿಲ್ಲದ ಬಾಯನ್ನು ನಿಮಗೆ ತೋರಿಸಲು ಅವರಿಗೆ ನಾಚಿಕೆ, ಹೊಸ ಸೆಟ್ಟು ಇಗೋ ಆ ಯಂತ್ರದಲ್ಲಿದೆ.

ಮಾಮ ಪ್ಲಾಸ್ಟರ್ ಪುಡಿಯನ್ನೂ ಮರೆತು ಯಂತ್ರದ ಹತ್ತಿರ ಹೋಗಿ ಬಗ್ಗಿ ನೋಡಿದರು. "ಅಂದ್ರೆ ಅವತ್ತು ಓಡಿಹೋಗಿದ್ದು ನನ್ನ ಜೋಕಿಗಲ್ವಾ?"

"ಅಲ್ಲ ಮಾಮ."

"ಜೋಕು ಚೆನ್ನಾಗಿತ್ತಾ ಹಾಗಾದ್ರೆ?"

"ಹಲ್ಲು ಉದುರಿ ಹೋಗೋ ಅಷ್ಟು" ಎಂದೆ. ಆ ಮನುಷ್ಯ ಆ ವಯಸ್ಸಿನಲ್ಲಿ ಲ್ಯಾಬಿನ ಮೆಟ್ಟಿಲನ್ನು ಎರಡೆರಡಾಗಿ ಇಳಿದು ಹೋದರು.

ಯಂತ್ರ ನಿಂತ ಮೇಲೆ ಹೊಳಪು ಹಾಕಿಸಿ, ಇನ್ನೂ ಬಿಸಿಯಾಗಿದ್ದ ಸೆಟ್ಟನ್ನು ಡಬ್ಬಿಗೆ ಹಾಕಿಕೊಂಡು, ತಲೆಯ ಮೇಲಿನ ಪುಡಿಯನ್ನೂ ಕೊಡವದೆ ನಾನು ನೋಂದಣಿ ಕಚೇರಿಗೆ ಓಡಿದೆ. ಬಾಗಿಲು ತಲುಪಿದಾಗ ಹನ್ನೊಂದು ದಾಟಿತ್ತು, ಇವರ ಸರದಿ ಆಗಷ್ಟೇ ಬಂದಿತ್ತು. ದೊಡ್ಡಮ್ಮ ಅಧಿಕಾರಿಯ ಮೇಜಿನ ಮುಂದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತು, ಇನ್ನೊಂದು ದಿನ ಕೊಡಿ ಎಂದು ಅಮ್ಮನ ಕೈಯಲ್ಲಿ ಹೇಳಿಸುತ್ತಿದ್ದರು. "ಯಾವ ದಿನ ಬಂದ್ರೂ ಬಾಯಿ ಬಿಟ್ಟು ನೀವೇ ಹೇಳ್ಬೇಕಮ್ಮ" ಎನ್ನುತ್ತಿದ್ದರು ಅಧಿಕಾರಿ. ಆಗ ಪಕ್ಕದಲ್ಲಿದ್ದ ಲಿಫ್ಟ್ ಮಾಮ ಜೇಬಿನಿಂದ ಕರವಸ್ತ್ರ ತೆಗೆದು ಮೇಜಿನ ಮೇಲೆ ಹಾಸಿದರು. ಬಾಯೊಳಗೆ ಬೆರಳು ಹಾಕಿ ಮೇಲಿನ ಸೆಟ್ಟು ತೆಗೆದು ಅದರ ಮೇಲಿಟ್ಟರು. ಕೆಳಗಿನದನ್ನೂ ತೆಗೆದು ಪಕ್ಕದಲ್ಲಿಟ್ಟರು. ಅವರದೂ ಕಟ್ಟಿಸಿದ ಹಲ್ಲು ಎಂದು ನಮ್ಮ ಇಡೀ ಬಿಲ್ಡಿಂಗಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕೆನ್ನೆ ಒಳಗೆ ಹೋಗಿ, ಮೂಗು ಗಲ್ಲ ಹತ್ತಿರವಾದ ಆ ಮುಖವನ್ನು ದೊಡ್ಡಮ್ಮನ ಕಡೆ ತಿರುಗಿಸಿ, "ಈಗ ಹೇಳಿ" ಎಂದರು.

ದೊಡ್ಡಮ್ಮ ಅವರನ್ನು ನೋಡಿದರು. ಸೆರಗು ಬಿಟ್ಟರು. ಬೊಚ್ಚುಬಾಯಿ ಅಗಲವಾಗಿ ತೆರೆದು, ಅಧಿಕಾರಿಯ ಮೇಜು ಅಲುಗಾಡುವ ಹಾಗೆ ನಕ್ಕರು, ನಗುನಗುತ್ತಲೇ ಒಪ್ಪಿಗೆ ಎಂದರು. ಮಾಮನೂ ಒಪ್ಪಿಗೆ ಎಂದರು. ಇಬ್ಬರ ಪ್ರಮಾಣವಚನದಲ್ಲಿ ಅಧಿಕಾರಿಗೆ ಎಷ್ಟು ಅರ್ಥವಾಯಿತೋ ದೇವರಿಗೇ ಗೊತ್ತು, ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಸಹಿ ಹಾಕಿಸಿಕೊಂಡರು. ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತಿದ್ದ ನನಗೆ ಅಳು ತಡೆಯಲಾಗಲಿಲ್ಲ. ಮೂಗು ಸೇದುತ್ತಾ ಹತ್ತಿರ ಹೋಗಿ "ದೊಡ್ಡಮ್ಮ, ಹಲ್ಲು" ಎಂದೆ. ಅವರು ಪೆನ್ನು ಕೆಳಗಿಡದೆ, ನನ್ನ ಕಡೆ ಸರಿಯಾಗಿ ನೋಡಲೂ ಇಲ್ಲದೆ ಹೇಳಿದರು:

"ಇಟ್ಟಿರು. ಊಟಕ್ಕೆ ಬೇಕಾಗತ್ತೆ."

ಇಷ್ಟನ್ನು ತಮ್ಮ ಅವಗಾಹನೆಗೆ ತಂದು, ತಮ್ಮ ಮುಂದಿನ ನಡಿಗೆಗಳು ಸುಖಕರವಾಗಿರಲೆಂದು ಹಾರೈಸುತ್ತಾ,

ತಮ್ಮ ವಿಶ್ವಾಸಿ,
ಹಲ್ಲಿನ ಲ್ಯಾಬಿನ ಪ್ರೋಗ್ರಾಮರ್
(ವಧುವಿನ ತಂಗಿಯ ಮಗಳು)

ಮರೆತ ಮಾತು: ನಡಿಗೆಯ ನಡುವೆ ಮನೆಯವರನ್ನು ಕರೆದರೆ ಅಟ್ಟಿ ಗುಡಿಸಿಹೋಗುತ್ತದೆ ಎಂಬ ಎಚ್ಚರಿಕೆ ತಮ್ಮ ಲೈಬ್ರರಿಯ ಕೈಪಿಡಿಯಲ್ಲಿ ಇದೆಯಂತೆ, ಕಟ್ಟಕಡೆಯ ಪುಟದ ಅಡಿಯಲ್ಲಿ, ಇರುವೆಗೆ ಕನ್ನಡಕ ಹಾಕಿಸಿದರೆ ಓದಬಹುದಾದ ಅಕ್ಷರದಲ್ಲಿ. ಅದನ್ನು ಬರೆದ ಮಹಾನುಭಾವರಿಗೆ ನನ್ನ ವಿಶೇಷ ವಂದನೆ ತಿಳಿಸಿ. ಅವರಿಗೂ ಎಂದಾದರೂ ವಯಸ್ಸಾಗುತ್ತದೆ, ಹಲ್ಲು ಬೇಕಾಗುತ್ತದೆ, ನಮ್ಮ ಲ್ಯಾಬಿಗೇ ಬರಲಿ. ಸೆಟ್ಟನ್ನು ನಾನೇ ನಿಂತು ಮಾಡಿಸಿಕೊಡುತ್ತೇನೆ. ಮೇಲಿನದು ಯಾವುದು, ಕೆಳಗಿನದು ಯಾವುದು ಎಂಬುದನ್ನು ಮಾತ್ರ ಡಬ್ಬಿಯ ತಳದಲ್ಲಿ, ಅಷ್ಟೇ ಅಕ್ಷರದಲ್ಲಿ ಬರೆಸಿರುತ್ತೇನೆ.